ಕಷ್ಟ ಬಂದಾಗ ಮೊದಲು ನಿಲ್ಲುವ ಜೀಪು

2019ರ ಡಿಸೆಂಬರ್. ಆಗ ನಾನು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ನವುಲೆ ಕಡೆ ಹೋಗುವ ದಾರಿಯಲ್ಲಿ ಗಾಡಿ ಬಿಡಿಭಾಗ ಮಾರುವ ಅಂಗಡಿಯೊಂದಿತ್ತು. ಅದರ ಗಾಜಿನ ಹಿಂದೆ ಪುಟ್ಟ ಅಂಬಾಸಿಡರ್ ಕಾರೊಂದು ನಿಂತಿತ್ತು. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಆಟಿಕೆ ಅಲ್ಲ. ಬಾಗಿಲಿನ ಹಿಡಿಕೆ, ವೈಪರ್, ಹಿಂದಿನ ಗಾಜಿನ ಮೇಲೆ ದೇವರ ಹೆಸರು, ಎಲ್ಲವನ್ನೂ ಯಾರೋ ಕೂತು ಕೈಯಲ್ಲೇ ಮಾಡಿದ್ದರು. ಕೇಳಿದೆ. ‘ಭದ್ರಾವತಿಯವರು ಒಬ್ರು ಮಾಡ್ತಾರೆ, ನಂಬರ್ ಬೇಕಾ?’ ಎಂದರು ಅಂಗಡಿಯವರು.

ಫೋನ್ ಮಾಡಿದೆ. ನನಗೆ ಬೇಕಿದ್ದದ್ದು ಅಂಬಾಸಿಡರ್ ಅಲ್ಲ, ಜೀಪು. ನಮ್ಮಜ್ಜನ ಹತ್ತಿರ ಒಂದು ಹಳೆಯ ಮಹೀಂದ್ರಾ ಜೀಪು ಇತ್ತು. ಊರಿನ ಬಾಣಂತಿಯರು, ಹಾವು ಕಚ್ಚಿಸಿಕೊಂಡವರು, ಮದುವೆಯ ದಿಬ್ಬಣ, ಅಡಿಕೆ ಮೂಟೆ ಎಲ್ಲ ಅದರಲ್ಲೇ ಪೇಟೆ ಸೇರಿದ್ದು. 2000ದ ಆಚೀಚೆ ಅಡಿಕೆ ದರ ಕುಸಿದಾಗ ಮನೆಯಲ್ಲಿ ಮೊದಲು ಮಾರಿದ್ದು ಆ ಜೀಪನ್ನೇ. ಒಂದು ಮಸುಕು ಫೋಟೊ ಮಾತ್ರ ಉಳಿದಿತ್ತು. ಆ ಫೋಟೊ ನೋಡಿ, ಅದೇ ಹಸಿರು ಬಣ್ಣ, ಅದೇ ಕೆಎ-14 ನಂಬರ್ ಪ್ಲೇಟ್ ಹಾಕಿ ಮಾಡಿಕೊಡಬೇಕು ಎಂದೆ. 4,500 ರೂಪಾಯಿಗೆ ಮಾತಾಯಿತು. ಅಡ್ವಾನ್ಸ್ ಅವರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಏಪ್ರಿಲ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ ಸಂಬಳ ಅರ್ಧವಾಯಿತು. ಮೇ ತಿಂಗಳಲ್ಲಿ ಒಂದು ಮೆಸೇಜ್ ಹಾಕಿದೆ: ‘ಅಣ್ಣ, ಸದ್ಯಕ್ಕೆ ಜೀಪು ಬೇಡ. ಕೈಯಲ್ಲಿ ದುಡ್ಡಿಲ್ಲ.’ ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ಪರವಾಗಿಲ್ಲ ಬಿಡಿ. ಮುಗಿದಿತ್ತು. ನೋಡ್ತೀನಿ.’

‘ಮುಗಿದಿತ್ತು’ ಎಂಬ ಒಂದು ಪದದ ಬಗ್ಗೆಯೇ ಈ ಬರಹ. ದೇಶದ ಆರ್ಥಿಕತೆ ಕುಸಿದಾಗ ಕೈಯಲ್ಲಿ ಮಾಡಿದ ಪುಟ್ಟ ಕಾರುಗಳಿಗೆ ಏನಾಗುತ್ತದೆ? ಇದೊಂದು ಶೋಕಿಯ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ಪೂರ್ತಿ ಓದಿದ ಮೇಲೆ ಹೇಳಿ.

ಒಂದು ಅಡಿಗೆ ಒಂದು ಇಂಚು

ಮೊದಲು ವಸ್ತು ಯಾವುದು ಅಂತ ತಿಳಿಯೋಣ. ‘ಸ್ಕೇಲ್ ಮಾಡೆಲ್’ ಎಂದರೆ ನಿಜವಾದ ಗಾಡಿಯ ಪ್ರತಿ ಅಳತೆಯನ್ನೂ ಒಂದೇ ಲೆಕ್ಕದಲ್ಲಿ ಇಳಿಸಿ ಮಾಡಿದ ಮಾದರಿ. 1:12 ಎಂದರೆ ಒಂದು ಅಡಿಗೆ ಒಂದು ಇಂಚು. ಸುಮಾರು 11 ಅಡಿ ಉದ್ದದ ಹಳೆಯ ಜೀಪು 11 ಇಂಚು ಆಗುತ್ತದೆ. ಜಗತ್ತಿನಲ್ಲಿ ಸಂಗ್ರಹಕಾರರು ಹೆಚ್ಚು ಇಟ್ಟುಕೊಳ್ಳುವ ಅಳತೆಗಳಲ್ಲಿ ಒಂದು 1:43. ಆ ಲೆಕ್ಕದಲ್ಲಿ ಅಂಬಾಸಿಡರ್ ಕಾರು ಸುಮಾರು 10 ಸೆಂಟಿಮೀಟರ್, ಅಂದರೆ ಅಂಗೈ ಮೇಲೆ ಕೂರುತ್ತದೆ.

ಆಟಿಕೆಗೂ ಇದಕ್ಕೂ ವ್ಯತ್ಯಾಸ ಇಷ್ಟೇ: ಆಟಿಕೆ ಕಾರು ಕಾರಿನ ಹಾಗೆ ಕಂಡರೆ ಸಾಕು. ಮಾಡೆಲ್ ಹಾಗಲ್ಲ, ಚಕ್ರ ಒಂದು ಕೂದಲೆಳೆ ದೊಡ್ಡದಾದರೂ ಇಡೀ ಗಾಡಿ ತಪ್ಪಾಗಿ ಕಾಣುತ್ತದೆ.

ಭದ್ರಾವತಿಯ ಆ ಅಣ್ಣ ಫೋಮ್ ಶೀಟು, ತೆಳು ತಗಡು, ಹಳೆಯ ಛತ್ರಿಯ ಕಡ್ಡಿ, ಪೆನ್ನಿನ ರೀಫಿಲ್, ಎಂ-ಸೀಲ್, ಪುಟ್ಟಿ ಇಷ್ಟರಲ್ಲಿ ಗಾಡಿ ಎಬ್ಬಿಸುತ್ತಿದ್ದರು. ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಪುಟ್ಟಿ ಹಚ್ಚಿ, ಮತ್ತೆ ಉಜ್ಜಿ, ಕೊನೆಗೆ ಬಣ್ಣ. ಅವರ ತಂದೆ ಎರಕದ ಕಾರ್ಖಾನೆಯೊಂದರಲ್ಲಿ ‘ಪ್ಯಾಟರ್ನ್’ ಕೆಲಸ ಮಾಡಿದವರು. ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಕಾದ ಕಬ್ಬಿಣ ತಣಿಯುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಹಾಗಾಗಿ ಮರದ ಅಚ್ಚನ್ನು ಅಷ್ಟೇ ದೊಡ್ಡದು ಮಾಡಬೇಕು. ಅಳತೆಯನ್ನು ಹಿಗ್ಗಿಸುವುದು ತಂದೆಯ ಕೆಲಸ, ಕುಗ್ಗಿಸುವುದು ಮಗನ ಕೆಲಸ. ಈ ವಿದ್ಯೆ ಮನೆಯಲ್ಲೇ ಇತ್ತು.

ಲೆಕ್ಕ ಹಾಕಿ ನೋಡಿ

ಆ ಜೀಪಿಗೆ ಸಾಮಾನಿನ ಖರ್ಚು 900 ರೂಪಾಯಿ, ಕೆಲಸ 60 ಗಂಟೆ ಎಂದು ಅವರೇ ಆಮೇಲೆ ಹೇಳಿದರು. 4,500ರಲ್ಲಿ 900 ಕಳೆದರೆ 3,600. ಗಂಟೆಗೆ 60 ರೂಪಾಯಿ. ಎಂಟು ಗಂಟೆಯ ದಿನಕ್ಕೆ 480. ನಮ್ಮೂರಲ್ಲಿ ಅಡಿಕೆ ಕೊನೆ ಕೊಯ್ಯುವವರ ಕೂಲಿ ಇದಕ್ಕಿಂತ ಹೆಚ್ಚು.

ಈಗ ಕಷ್ಟಕಾಲ ಬಂತು ಎಂದಿಟ್ಟುಕೊಳ್ಳಿ. ಗಿರಾಕಿ ‘ಮೂರು ಸಾವಿರಕ್ಕೆ ಕೊಡಿ’ ಅನ್ನುತ್ತಾರೆ. ಮೂರರಲ್ಲಿ ಒಂದು ಪಾಲು ಕಡಿಮೆ ಕೇಳಿದ್ದು ಅಷ್ಟೇ ಅನ್ನಿಸುತ್ತದೆ. ಆದರೆ ಬಣ್ಣದ ಡಬ್ಬಿಯ ಅಂಗಡಿಯವರು ಕಡಿಮೆ ಮಾಡುವುದಿಲ್ಲ. ಸಾಮಾನಿಗೆ 900 ಹಾಗೇ ಇರುತ್ತದೆ. ಉಳಿದ 2,100ನ್ನು 60 ಗಂಟೆಗೆ ಹಂಚಿದರೆ ಗಂಟೆಗೆ 35 ರೂಪಾಯಿ. ಅಂದರೆ ಬೆಲೆ ಮೂರನೇ ಒಂದು ಭಾಗ ಇಳಿದರೆ ಕೂಲಿ ಐದರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಇಳಿಯಿತು. ಕೈಕೆಲಸದಲ್ಲಿ ಚೌಕಾಸಿ ಮಾಡುವಾಗ ನಾವು ಕಡಿತ ಮಾಡುವುದು ವಸ್ತುವಿನ ಬೆಲೆಯನ್ನಲ್ಲ, ಒಬ್ಬರ ದಿನಗೂಲಿಯನ್ನು. ಇದು ಜೀಪಿಗೆ ಮಾತ್ರವಲ್ಲ, ಬುಟ್ಟಿ, ಚಾಪೆ, ಕಂಬಳಿ, ಮಡಕೆ ಎಲ್ಲದಕ್ಕೂ ಅನ್ವಯಿಸುತ್ತದೆ.

ಕುಸಿತದಲ್ಲಿ ಮೂರು ಸಂಗತಿ

ನಾನು ಗಮನಿಸಿದಂತೆ ಆರ್ಥಿಕತೆ ಕುಸಿದಾಗ ಈ ಪುಟ್ಟ ಲೋಕದಲ್ಲಿ ಮೂರು ಸಂಗತಿ ನಡೆಯುತ್ತವೆ.

ಒಂದು, ಕೊಳ್ಳುವವರು ಮಾಯವಾಗುತ್ತಾರೆ. ಅಕ್ಕಿ, ಗ್ಯಾಸ್, ಫೀಸು, ಕರೆಂಟು ಬಿಲ್ಲು ನಿಲ್ಲಿಸಲಾಗದು. ಮನೆಯ ಖರ್ಚಿನ ಪಟ್ಟಿಯಲ್ಲಿ ಕೊನೆಗೆ ಸೇರಿದ್ದು ಮೊದಲು ಹೊರಗೆ ಹೋಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ 24ರ ಆಸುಪಾಸು ಕುಸಿಯಿತು. ನಾನು ‘ಬೇಡ’ ಎಂದು ಮೆಸೇಜ್ ಹಾಕಿದ್ದು ಅದೇ ಅವಧಿಯಲ್ಲಿ. ನನ್ನಂಥವರ ‘ಬೇಡ’ಗಳನ್ನೆಲ್ಲ ಕೂಡಿಸಿದ ಲೆಕ್ಕವೂ ಆ ಅಂಕಿಯೊಳಗೆ ಎಲ್ಲೋ ಇದೆ.

ಎರಡು, ಮಾಡುವವರು ಹೆಚ್ಚಾಗುತ್ತಾರೆ. ಇದು ವಿಚಿತ್ರ, ಆದರೆ ನಿಜ. ಕೆಲಸ ಹೋದ ಕೈ ಸುಮ್ಮನೆ ಕೂರುವುದಿಲ್ಲ. ಲಾಕ್‌ಡೌನ್‌ನಲ್ಲಿ ಎಷ್ಟು ಹುಡುಗರು ಫೋಮ್ ಶೀಟಿನಲ್ಲಿ ಕೆಎಸ್ಸಾರ್ಟಿಸಿ ಬಸ್ಸು, ಲಾರಿ, ಟ್ರ್ಯಾಕ್ಟರ್ ಮಾಡಿ ವಿಡಿಯೊ ಹಾಕಿದರು, ನೆನಪಿದೆಯೇ? ನಿಮ್ಮ ಊರಲ್ಲೂ ಒಬ್ಬ ಇದ್ದಿರಬಹುದು. ಲೈಕ್ ಸಾವಿರ ಬಂದವು, ಕೊಳ್ಳುವವರು ಬರಲಿಲ್ಲ. ಮಾಡುವವರು ಹೆಚ್ಚಾಗಿ ಕೊಳ್ಳುವವರು ಕಡಿಮೆಯಾದರೆ ದರ ಏನಾಗುತ್ತದೆಂದು ಅಡಿಕೆ, ಶುಂಠಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ.

ಮೂರು, ವಸ್ತು ಕೈ ಬದಲಾಗುತ್ತದೆ. ದುಡ್ಡಿನ ತುರ್ತು ಇರುವವರು ಮಾರುತ್ತಾರೆ, ತುರ್ತು ಇಲ್ಲದವರು ಕೊಳ್ಳುತ್ತಾರೆ. ನಮ್ಮ ಅಡಿಕೆ ವ್ಯವಹಾರವನ್ನೇ ನೋಡಿ. ಎರಡು ಎಕರೆಯವರು ಸುಗ್ಗಿ ಮುಗಿಯುತ್ತಿದ್ದಂತೆ ಸಿಕ್ಕ ದರಕ್ಕೆ ಮಾರಬೇಕು, ಸಾಲದ ಕಂತು ಕಾಯುವುದಿಲ್ಲ. ಗೋದಾಮು ಇರುವವರು ಮೂಟೆ ಹೊಲಿದು ಇಟ್ಟು ದರ ಏರುವುದನ್ನು ಕಾಯುತ್ತಾರೆ. ಎಷ್ಟೋ ಸಲ ದರ ಏರುವುದು ಸಣ್ಣವರ ಮನೆಯಲ್ಲಿ ಅಡಿಕೆ ಖಾಲಿಯಾದ ಮೇಲೆ. ಮಾಡೆಲ್ ಕಾರಿನ ಲೋಕದಲ್ಲೂ ಹೀಗೇ. ‘ಕುಸಿತದಲ್ಲಿ ಕೊಂಡಿಡಿ, ಮುಂದೆ ಬೆಲೆ ಬರುತ್ತದೆ’ ಎಂದು ಸಂಗ್ರಹಕಾರರು ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಏರಿದ ಬೆಲೆಯಲ್ಲಿ ಮಾಡಿದವರಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ದೊಡ್ಡ ದೇಶಗಳಲ್ಲೂ ಇದೇ ಕತೆ

ಪುಟ್ಟ ಕಾರುಗಳ ಚರಿತ್ರೆಯಲ್ಲಿ ಕುಸಿತದ ಗುರುತು ಎಲ್ಲ ಕಡೆ ಇದೆ.

1930ರಲ್ಲಿ ಅಮೆರಿಕ ಮಹಾ ಕುಸಿತಕ್ಕೆ ಸಿಕ್ಕಿತ್ತು. ಅದೇ ವರ್ಷ ಜನರಲ್ ಮೋಟಾರ್ಸ್‌ನ ಫಿಶರ್ ಬಾಡಿ ವಿಭಾಗ ಹುಡುಗರಿಗಾಗಿ ಒಂದು ಸ್ಪರ್ಧೆ ಶುರು ಮಾಡಿತು. ‘ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್’ ಎಂದು ಹೆಸರು. ಮೊದಲು ರಾಜರ ಕಾಲದ ಸಾರೋಟಿನ ಮಾದರಿ, ಆಮೇಲೆ ತಾವೇ ಯೋಚಿಸಿದ ಕಾರಿನ ಮಾದರಿ, ಎಲ್ಲ ಕೈಯಲ್ಲೇ ಮಾಡಬೇಕು. ಗೆದ್ದವರಿಗೆ ಕಾಲೇಜು ಓದಲು ವಿದ್ಯಾರ್ಥಿವೇತನ. 1968ರವರೆಗೆ ಇದು ನಡೆಯಿತು. ಅಡುಗೆಮನೆಯ ಮೇಜಿನ ಮೇಲೆ ಮರ ಕೆತ್ತಿದ ಹುಡುಗರಲ್ಲಿ ಹಲವರು ಮುಂದೆ ನಿಜವಾದ ಕಾರುಗಳ ವಿನ್ಯಾಸಕಾರರಾದರು. ಕಂಪನಿಗೆ ಪ್ರಚಾರದ ಲಾಭ ಇತ್ತು, ನಿಜ. ಆದರೂ ಕೈಗೆ ಕೆಲಸ ಇಲ್ಲದ ಕಾಲದಲ್ಲಿ ಕೈಚಳಕಕ್ಕೆ ಬೆಲೆ ಕಟ್ಟುವ ಒಂದು ದಾರಿ ಅಲ್ಲಿ ಸಿಕ್ಕಿತು.

ಬ್ರಿಟನ್ನಿನ ಕತೆ ಬೇರೆ. ಡಿಂಕಿ, ಮ್ಯಾಚ್‌ಬಾಕ್ಸ್, ಕಾರ್ಗಿ ಎಂಬ ಮೂರು ಪುಟ್ಟ ಕಾರುಗಳ ಹೆಸರು ಜಗತ್ತಿಗೆಲ್ಲ ಗೊತ್ತಿದ್ದವು. ಇವು ಕಾರ್ಖಾನೆಯ ಎರಕದ ಕಾರುಗಳು, ಕೈಯಲ್ಲಿ ಮಾಡಿದ್ದಲ್ಲ. ಡಿಂಕಿ ಕಾರುಗಳ ಲಿವರ್‌ಪೂಲ್ ಕಾರ್ಖಾನೆ 1979ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಮ್ಯಾಚ್‌ಬಾಕ್ಸ್ ಮಾಡುತ್ತಿದ್ದ ಲೆಸ್ನಿ ಕಂಪನಿ 1982ರಲ್ಲಿ ದಿವಾಳಿಯಾಯಿತು. ಕಾರ್ಗಿಯ ಮೆಟಾಯ್ ಕಂಪನಿ 1983ರಲ್ಲಿ ಮುಳುಗಿತು. ಆರ್ಥಿಕ ಹಿಂಜರಿತ, ಏಷ್ಯಾದ ಅಗ್ಗದ ಮಾಲು, ಮಕ್ಕಳ ಕೈಗೆ ಬಂದ ಎಲೆಕ್ಟ್ರಾನಿಕ್ ಆಟಗಳು, ಎಲ್ಲ ಒಟ್ಟಿಗೆ ಹೊಡೆದವು. ಇವತ್ತು ಅದೇ ಹಳೆಯ ಡಿಂಕಿ ಕಾರುಗಳನ್ನು ಹರಾಜಿನಲ್ಲಿ ಪೈಪೋಟಿ ಮಾಡಿ ಕೊಳ್ಳುತ್ತಾರೆ. ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಅದರಿಂದ ಏನೂ ಇಲ್ಲ.

ನಮ್ಮ ದೇಶಕ್ಕೂ ಈ ಕತೆಯ ಒಂದು ಎಳೆ ಇದೆ. ಡಿಂಕಿಯ ಹಳೆಯ ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತಕ್ಕೆ ಬಂದವು. ಅಲ್ಲಿ ‘ನಿಕ್ಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಅದೇ ಕಾರುಗಳು ತಯಾರಾದವು. ಮ್ಯಾಚ್‌ಬಾಕ್ಸ್ ಹೆಸರನ್ನು ಹಾಂಗ್‌ಕಾಂಗಿನ ಕಂಪನಿ ಕೊಂಡಿತು.

ಇಲ್ಲಿ ಒಂದು ಮುಖ್ಯ ವ್ಯತ್ಯಾಸ ಗಮನಿಸಿ. ಕಾರ್ಖಾನೆ ಮುಳುಗಿದರೆ ಅದರ ಅಚ್ಚು ಉಳಿಯುತ್ತದೆ, ಹೆಸರು ಉಳಿಯುತ್ತದೆ. ಇನ್ನೊಬ್ಬರು ಕೊಂಡು ಮತ್ತೆ ಶುರು ಮಾಡಬಹುದು. ಕೈಯಲ್ಲಿ ಮಾಡುವವರ ಅಚ್ಚು ಅವರ ಕೈಯೇ. ಅವರು ಬಿಟ್ಟು ಗೂಡ್ಸ್ ಆಟೊ ಓಡಿಸಲು ಹೋದರೆ ಹರಾಜು ಹಾಕಲು ಏನೂ ಇರುವುದಿಲ್ಲ.

ಭದ್ರಾವತಿಗೆ ಹೇಳಿಕೊಡಬೇಕಿಲ್ಲ

ಕುಸಿತ ಎಂದರೇನು ಎಂದು ಭದ್ರಾವತಿಗೆ ಯಾರೂ ಪಾಠ ಮಾಡಬೇಕಿಲ್ಲ. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿತು, ಅದೇ ಇಂದಿನ ವಿಐಎಸ್‌ಎಲ್. 1936ರಲ್ಲಿ ಕಾಗದ ಕಾರ್ಖಾನೆ ಎಂಪಿಎಂ ಸ್ಥಾಪನೆಯಾಯಿತು. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳ ಹೆಸರೇ ಆ ಕಾಲ ಹೇಳುತ್ತವೆ. ಕಳೆದ ದಶಕದ ನಡುವೆ ಎಂಪಿಎಂನಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿತ್ತು, ಕಾರ್ಮಿಕರು ಧರಣಿ ಕೂತರು, ಅದೇ ವರ್ಷದ ಆಗಸ್ಟ್‌ನಲ್ಲಿ ಒಂದಷ್ಟು ಕೆಲಸ ಮತ್ತೆ ಶುರುವಾಯಿತು.

ಕಾರ್ಖಾನೆ ನಿಂತಾಗ ಸುದ್ದಿಯಾಗುವುದು ಕಾರ್ಮಿಕರ ಸಂಖ್ಯೆ. ಸುದ್ದಿಯಾಗದ್ದು ಅವರ ಸಂಬಳದ ಮೇಲೆ ನಿಂತ ಹೋಟೆಲು, ಟೈಲರ್ ಅಂಗಡಿ, ಟ್ಯೂಷನ್, ಕೊನೆಗೆ ತಿಂಗಳಿಗೆ ಒಂದೆರಡು ಮಾಡೆಲ್ ಮಾಡಿ ಮಾರುವ ಇಂಥ ಅಣ್ಣಂದಿರು.

2019ರಲ್ಲೂ ಇದನ್ನೇ ಕಂಡೆವು. ಆ ವರ್ಷ ದೇಶದ ವಾಹನ ಮಾರಾಟ ಕುಸಿಯಿತು. ಆಗಸ್ಟ್ ಒಂದೇ ತಿಂಗಳಲ್ಲಿ ಕಾರು ಮುಂತಾದ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷಕ್ಕಿಂತ ಶೇ 30ಕ್ಕೂ ಹೆಚ್ಚು ಇಳಿಯಿತು. ಕಾರು ಮಾರಾಟ ಇಳಿದರೆ ಎರಕದ ಕಾರ್ಖಾನೆಗಳಲ್ಲಿ ಪಾಳಿ ಕಡಿಮೆಯಾಗುತ್ತದೆ. ಪಾಳಿ ಕಡಿಮೆಯಾದರೆ ಓವರ್‌ಟೈಮ್ ಇಲ್ಲ. ಓವರ್‌ಟೈಮ್ ದುಡ್ಡಿನಲ್ಲಿ ಪುಟ್ಟ ಕಾರು ಕೊಳ್ಳುತ್ತಿದ್ದವರೂ ಇಲ್ಲ. ದೊಡ್ಡ ಕಾರು ಮಾರಾಟವಾಗದಿದ್ದರೆ ಪುಟ್ಟ ಕಾರೂ ಮಾರಾಟವಾಗುವುದಿಲ್ಲ. ನಗಬೇಡಿ, ಇದು ಅವರು ಹೇಳಿದ ಮಾತೇ.

ಚನ್ನಪಟ್ಟಣದ ಪಾಠ

ರಾಜ್ಯದಲ್ಲಿ ಕೈಯಲ್ಲಿ ಮಾಡಿದ ಪುಟ್ಟ ಗಾಡಿ ಎಂದರೆ ಎಲ್ಲರಿಗೂ ನೆನಪಾಗುವುದು ಚನ್ನಪಟ್ಟಣ. ಆಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿದ ಕಾರು, ರೈಲು, ಗಾಲಿ ಕುದುರೆ. ಅದಕ್ಕೆ ಜಿಐ ಮಾನ್ಯತೆ ಇದೆ, ಹೆಸರಿದೆ. ಆದರೂ ಪೆಟ್ಟು ತಪ್ಪಲಿಲ್ಲ. 2016ರ ನವೆಂಬರ್‌ನ ನೋಟು ರದ್ದತಿಯಲ್ಲಿ ನಗದಿನ ವ್ಯಾಪಾರ ಒಣಗಿತು. 2020ರಲ್ಲಿ ಪ್ರವಾಸಿಗರು ನಿಂತರು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು, ಗಾಡಿಗಳು ಊರ ಹೊರಗಿನಿಂದಲೇ ಹೋಗತೊಡಗಿದವು, ಹಳೆಯ ರಸ್ತೆ ಬದಿಯ ಬೊಂಬೆ ಅಂಗಡಿಗಳು ಗಿರಾಕಿಯನ್ನು ಕಳೆದುಕೊಂಡವು. ದೇಶದ ಆರ್ಥಿಕತೆ ಚೆನ್ನಾಗಿದೆ ಎಂದು ಹೇಳುವ ವರ್ಷದಲ್ಲೂ ಒಂದು ಊರಿನ ಮಟ್ಟಿಗೆ ಕುಸಿತ ಬರಬಹುದು.

ಚನ್ನಪಟ್ಟಣ ಆದರೂ ಉಳಿದುಕೊಂಡಿದೆ. ಯಾಕೆಂದರೆ ಅಲ್ಲಿ ಒಬ್ಬರಲ್ಲ, ಊರಿಗೆ ಊರೇ ಆ ಕೆಲಸ ಮಾಡುತ್ತದೆ. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ ಕೆಲಸ ಗೊತ್ತು. ಮರ ಎಲ್ಲಿ ಸಿಗುತ್ತದೆ, ಯಾರು ಕೊಳ್ಳುತ್ತಾರೆ, ಎಲ್ಲ ಗೊತ್ತು. ನಮ್ಮ ಮಲೆನಾಡಿನ ಮಾಡೆಲ್ ಮಾಡುವವರು ಚದುರಿದ ಒಂಟಿ ಮರಗಳು. ಗಾಳಿ ಬಂದರೆ ಒಬ್ಬೊಬ್ಬರೇ ಬೀಳುತ್ತಾರೆ, ಸದ್ದೂ ಕೇಳುವುದಿಲ್ಲ.

‘ಹೊಟ್ಟೆಗಿಲ್ಲದಾಗ ಆಟಿಕೆ ಯಾಕೆ?’

ಈ ಪ್ರಶ್ನೆ ನಮ್ಮನೆಯಲ್ಲೇ ಬಂತು. ಅಮ್ಮ ಕೇಳಿದಳು: ‘ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಕೂತಿದೆ, ಔಷಧಿ ಹೊಡೆಯೋಕೆ ದುಡ್ಡಿಲ್ಲ, ನಿನಗೆ ಜೀಪಿನ ಬೊಂಬೆ ಚಿಂತೆ.’

ಅವಳ ಮಾತು ಸರಿ. ಕಷ್ಟದಲ್ಲಿರುವವರು ಸಾಲ ಮಾಡಿ ಮಾಡೆಲ್ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಯಾರಾದರೂ ಇದ್ದರೆ ನಂಬಬೇಡಿ. ‘ಇದು ಹೂಡಿಕೆ, ನಾಳೆ ಹತ್ತು ಪಟ್ಟು ಆಗುತ್ತೆ’ ಎನ್ನುವವರನ್ನಂತೂ ಇನ್ನೂ ದೂರ ಇಡಿ. ಹೆಚ್ಚಿನ ಮಾಡೆಲ್‌ಗಳಿಗೆ ಕೊಟ್ಟ ಬೆಲೆಯೂ ವಾಪಸ್ ಬರುವುದಿಲ್ಲ. ಬಣ್ಣ ಬಿರುಕು ಬಿಡುತ್ತದೆ, ಮಲೆನಾಡಿನ ಮಳೆಗಾಲದ ತೇವಕ್ಕೆ ಅಂಟು ಸಡಿಲವಾಗುತ್ತದೆ.

ನಾನು ಹೇಳುವುದು ಬೇರೆ. ನಮ್ಮಲ್ಲಿ ಹಲವರು ಕೊಳ್ಳುವುದನ್ನು ನಿಲ್ಲಿಸುವುದಿಲ್ಲ, ಕೈಯಲ್ಲಿ ಮಾಡಿದ್ದನ್ನು ಕೊಳ್ಳುವುದನ್ನು ಮಾತ್ರ ನಿಲ್ಲಿಸುತ್ತೇವೆ. ನಾನು ಜೀಪು ಬೇಡ ಎಂದ ಅದೇ ವರ್ಷ ಕಂತಿನಲ್ಲಿ ಹೊಸ ಫೋನ್ ತಗೊಂಡೆ. ಫೋನ್ ಬೇಕಿತ್ತು, ಕೆಲಸಕ್ಕೆ ಬೇಕೇ ಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಎರಡು ಸಾವಿರ ಕಡಿಮೆಯ ಫೋನೂ ಅಂಗಡಿಯಲ್ಲಿ ಇತ್ತು. ದೊಡ್ಡ ಕಂಪನಿಗೆ ‘ಸದ್ಯಕ್ಕೆ ಬೇಡ’ ಎಂದು ಮೆಸೇಜ್ ಹಾಕುವ ದಾರಿಯೇ ಇಲ್ಲ, ಕಂತು ತಾನಾಗಿಯೇ ಬ್ಯಾಂಕಿನಿಂದ ಕಟ್ ಆಗುತ್ತದೆ. ಪರಿಚಯದ ಅಣ್ಣನಿಗೆ ಮಾತ್ರ ‘ಬೇಡ’ ಅನ್ನುವುದು ಸುಲಭ. ಯಾಕೆಂದರೆ ಅವರು ‘ಪರವಾಗಿಲ್ಲ ಬಿಡಿ’ ಅನ್ನುತ್ತಾರೆ.

ಕಷ್ಟದ ಭಾರ ಮೊದಲು ಬೀಳುವುದು ಬೇಸರ ಮಾಡಿಕೊಳ್ಳದವರ ಮೇಲೆ. ನನ್ನ ತಕರಾರು ಇರುವುದು ಇದರ ಬಗ್ಗೆ.

ಇನ್ನೊಂದು ಮಾತು. ನಿಂತುಹೋದ ವಸ್ತುಗಳ ನೆನಪು ಉಳಿಯುವುದು ಇಂಥ ಕೈಗಳಿಂದ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಕೊಪ್ಪದ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತವು. ಆ ಬಸ್ಸಿನಲ್ಲಿ ಕಾಲೇಜಿಗೆ ಹೋದ ಎಷ್ಟು ಜನ ನಮ್ಮ ಮಲೆನಾಡಿನಲ್ಲಿದ್ದಾರೆ! ಯಾವ ದೊಡ್ಡ ಆಟಿಕೆ ಕಂಪನಿಯೂ ಸಹಕಾರ ಸಾರಿಗೆ ಬಸ್ಸಿನ ಮಾಡೆಲ್ ಮಾಡುವುದಿಲ್ಲ. ನಮ್ಮಜ್ಜನ ಜೀಪು ಮಾಡುವುದಿಲ್ಲ. ಮಾಡಿದರೆ ಭದ್ರಾವತಿಯ ಯಾರೋ ಒಬ್ಬರು ಮಾಡಬೇಕು.

ಏನು ಮಾಡಬಹುದು?

ದೂರು ಹೇಳಿ ಸುಮ್ಮನಾಗುವುದು ನನಗೆ ಇಷ್ಟವಿಲ್ಲ. ನಾಲ್ಕು ಮಾತು ಹೇಳುತ್ತೇನೆ.

ಕೊಳ್ಳುವವರಿಗೆ: ಅರ್ಧ ದುಡ್ಡು ಮುಂಗಡ ಕೊಡಿ. ಅಡಿಕೆ ಚೇಣಿ ಮಾಡುವವರು ಕೊನೆ ಇಳಿಯುವ ಮೊದಲೇ ಮುಂಗಡ ಕೊಡುವುದಿಲ್ಲವೇ? ಮುಂಗಡ ಕೊಟ್ಟಿದ್ದರೆ ನಾನು ಅಷ್ಟು ಸಲೀಸಾಗಿ ‘ಬೇಡ’ ಅನ್ನುತ್ತಿರಲಿಲ್ಲ. ಅಂದಿದ್ದರೂ ಅವರ ಸಾಮಾನಿನ ಖರ್ಚಾದರೂ ಹುಟ್ಟುತ್ತಿತ್ತು. ಕೈ ಕಟ್ಟಿದ್ದರೆ ರದ್ದು ಮಾಡಬೇಡಿ, ಮುಂದಕ್ಕೆ ಹಾಕಿ. ತಿಂಗಳಿಗೆ 500ರಂತೆ ಕೊಡುತ್ತೇನೆ ಎನ್ನಿ. ‘ಬೇಡ’ ಎನ್ನುವುದಕ್ಕೂ ‘ನಿಧಾನಕ್ಕೆ’ ಎನ್ನುವುದಕ್ಕೂ ಅವರ ಮನೆಯಲ್ಲಿ ತುಂಬ ವ್ಯತ್ಯಾಸ ಇದೆ.

ಮಾಡುವವರಿಗೆ: ದೊಡ್ಡದರ ಜೊತೆ ಸಣ್ಣದನ್ನೂ ಮಾಡಿ. ಒಳ್ಳೆಯ ಕಾಲಕ್ಕೆ 4,500ರ ಜೀಪು, ಕಷ್ಟದ ಕಾಲಕ್ಕೆ 300ರ ಕೀ ಗೊಂಚಲು. ಗಾಡಿಯ ಅಡಿಭಾಗದಲ್ಲಿ ನಿಮ್ಮ ಹೆಸರು, ಊರು, ಇಸವಿ ಬರೆಯಿರಿ. ಮುಂದೆ ಅದು ಯಾರ ಕೈಗೆ ಹೋದರೂ ಮಾಡಿದವರು ಯಾರೆಂದು ತಿಳಿಯಲಿ. ಸಾಮಾನು, ಗಂಟೆ ಎರಡನ್ನೂ ಚೀಟಿಯಲ್ಲಿ ಬರೆದು ಗಿರಾಕಿಗೆ ತೋರಿಸಿ. ಲೆಕ್ಕ ನೋಡಿದ ಮೇಲೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ. ನನಗೆ ಬರಲಿಲ್ಲ.

ಸರ್ಕಾರಕ್ಕೆ: ಆಮದು ಆಟಿಕೆಗಳ ಸುಂಕವನ್ನು ಕೇಂದ್ರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾದಾಗ, ನೋಂದಾಯಿತ ಕರಕುಶಲಕರ್ಮಿಗಳಿಗೆ ವಿನಾಯಿತಿಯನ್ನೂ ಕೊಟ್ಟಿತು. ಒಳ್ಳೆಯದೇ. ಆದರೆ ನೋಂದಣಿ ಆಗದವರಿಗೆ ಆ ವಿನಾಯಿತಿಯಿಂದ ಏನು ಬಂತು? 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೊಂಬೆ ಮತ್ತು ಆಟಿಕೆ ಮಾಡುವವರೂ ಇದ್ದಾರೆ. 15,000 ರೂಪಾಯಿವರೆಗೆ ಉಪಕರಣಕ್ಕೆ ನೆರವು, ಮೊದಲ ಹಂತದಲ್ಲಿ ಒಂದು ಲಕ್ಷದವರೆಗೆ ಶೇ 5ರ ಬಡ್ಡಿಗೆ ಸಾಲ ಇದೆ. ಆದರೆ ಆ ಕಸುಬಿನ ಹೆಸರಿನ ಪಕ್ಕ ‘ಸಾಂಪ್ರದಾಯಿಕ’ ಎಂಬ ಪದವಿದೆ. ಫೋಮ್ ಶೀಟಿನಲ್ಲಿ ಜೀಪು ಮಾಡುವವರನ್ನೂ ಅದರೊಳಗೆ ಸೇರಿಸಬೇಕು ಎಂಬುದು ನನ್ನ ವಾದ. ಕೈಕೆಲಸ ಹಳೆಯದೋ ಹೊಸದೋ ಎಂದು ನೋಡಬಾರದು, ಅದು ಕೈಯಿಂದ ಆಗುತ್ತದೋ ಇಲ್ಲವೋ ಎಂದು ನೋಡಬೇಕು.

ನಮ್ಮೂರಿನವರಿಗೆ: ಶಾಲಾ ವಾರ್ಷಿಕೋತ್ಸವ, ಸಹಕಾರ ಸಂಘದ ಸಭೆ, ನಿವೃತ್ತಿ ಸನ್ಮಾನ ಎಂದರೆ ಪೇಟೆಯಿಂದ ಪ್ಲಾಸ್ಟಿಕ್ ಫಲಕ ತರುತ್ತೇವೆ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರ್ ಮಾವನಿಗೆ ಅವರೇ ಓಡಿಸಿದ ಬಸ್ಸಿನ ಮಾಡೆಲ್ ಕೊಟ್ಟು ನೋಡಿ. ಫಲಕ ಅಟ್ಟಕ್ಕೆ ಹೋಗುತ್ತದೆ, ಬಸ್ಸು ಟಿವಿ ಪಕ್ಕ ಕೂರುತ್ತದೆ.

ಜೀಪು ಏನಾಯಿತು?

2022ರಲ್ಲಿ ಒಂದು ದಿನ ಫೇಸ್‌ಬುಕ್ಕಿನಲ್ಲಿ ಮಾರಾಟಕ್ಕಿದ್ದ ವಸ್ತುಗಳನ್ನು ನೋಡುತ್ತಿದ್ದೆ. ಬೆಂಗಳೂರಿನ ಯಾರೋ ಒಂದು ಕೈಯಲ್ಲಿ ಮಾಡಿದ ಜೀಪು ಮಾರಾಟಕ್ಕೆ ಇಟ್ಟಿದ್ದರು. ಹಸಿರು ಬಣ್ಣ. ಫೋಟೊ ದೊಡ್ಡದು ಮಾಡಿ ನೋಡಿದೆ. ಕೆಎ-14. ನಮ್ಮಜ್ಜನ ನಂಬರು. ಬೆಲೆ 9,000.

ಅಷ್ಟು ದುಡ್ಡು ನನ್ನಲ್ಲಿರಲಿಲ್ಲ. ಹೊಂದಿಸಿಕೊಂಡು ನಾಲ್ಕು ದಿನ ಬಿಟ್ಟು ಮೆಸೇಜ್ ಹಾಕಿದೆ. ಹೋಗಿಯಾಗಿತ್ತು.

ಭದ್ರಾವತಿಗೆ ಹೋಗಿ ಆ ಅಣ್ಣನನ್ನು ಕಂಡೆ. ಈಗ ಹಗಲು ಗೂಡ್ಸ್ ಆಟೊ ಓಡಿಸುತ್ತಾರೆ. ಲಾಕ್‌ಡೌನ್‌ನಲ್ಲಿ ಆಟೊ ಕಂತು ಕಟ್ಟಲು ಜೀಪನ್ನು 2,000ಕ್ಕೆ ಕೊಟ್ಟೆ ಎಂದರು. 900 ಕಳೆದರೆ 1,100. 60 ಗಂಟೆಗೆ ಹಂಚಿದರೆ ಗಂಟೆಗೆ 18 ರೂಪಾಯಿ ಚಿಲ್ಲರೆ. ‘ನಂಬರ್ ಪ್ಲೇಟ್ ಬೇರೆಯವರದ್ದು ಅಂತ ತಗೊಂಡವರು ಇನ್ನೂ ಕಡಿಮೆ ಮಾಡಿಸಿಕೊಂಡ್ರು’ ಎಂದು ನಕ್ಕರು. ನನ್ನ ಪ್ರೀತಿಗೆ ಬರೆಸಿದ ನಂಬರು ಅವರ ಕೂಲಿಯನ್ನು ತಿಂದಿತ್ತು.

ಕ್ಷಮೆ ಕೇಳಿದೆ. ‘ಅಯ್ಯೋ, ನೀವೊಬ್ರೇ ಅಲ್ಲ. ಆ ವರ್ಷ ಮೂರು ಆರ್ಡರ್ ಹಾಗೇ ಹೋಯ್ತು’ ಎಂದರು. ಅದನ್ನು ಕೇಳಿ ಸಮಾಧಾನ ಆಗಲಿಲ್ಲ.

ಮತ್ತೆ ಒಂದು ಜೀಪು ಮಾಡಿಕೊಡಿ ಎಂದೆ. ಕೂಡಲೇ ಒಪ್ಪಲಿಲ್ಲ. ಕೈ ಕೂರಲು ಟೈಮ್ ಬೇಕು, ಕಣ್ಣೂ ಮೊದಲಿನ ಹಾಗಿಲ್ಲ ಎಂದರು. ಕೊನೆಗೆ ಭಾನುವಾರಗಳಲ್ಲಿ ಮಾಡುತ್ತೇನೆ, ಆರು ತಿಂಗಳು ಹಿಡಿಯುತ್ತದೆ, ಆರು ಸಾವಿರ ಎಂದರು. ಮೂರು ಸಾವಿರ ಅಲ್ಲೇ ಕೊಟ್ಟೆ. ಎಣಿಸಿ ಜೇಬಿಗೆ ಹಾಕಿಕೊಂಡು ಹೇಳಿದರು:

‘ಈ ಸಲ ನಂಬರ್ ಪ್ಲೇಟ್ ಮಾತ್ರ ಕೊನೇಲಿ ಹಾಕ್ತೀನಿ. ಬಾಕಿ ದುಡ್ಡು ಕೊಟ್ಟ ಮೇಲೆ.’

ನಾನು ಆಗಲಿ ಎಂದೆ.